ಸಲಹಾ ಮಂಡಳಿ ಹಾಕಿಸಿದ ಬೀಗ

ಬಿಸಿಲಹಾಳ, ಎರಡನೇ ವೈಶಾಖ, 2219

ದೇಶಕ್ಕೊಂದು ಆರ್ಥಿಕ ಯೋಜನಾ ಸಲಹಾ ಮಂಡಳಿ ಬೇಕೆಂದು ಕರಡು ಬರೆಯುತ್ತಿರುವ ಹಿರಿಯರಿಗೆ ವಸುಧಾ ಕಲ್ಲೂರಳ ನಮಸ್ಕಾರ. ನಿಮಗಿಂತ ಎಷ್ಟೋ ತಲೆಮಾರು ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೇಸಿಗೆ ಬೆಳೆದು ಬೆಳೆದು ನಮಗೀಗ ಪ್ರತಿವರ್ಷವೂ ವೈಶಾಖ ಎರಡು. ಮಧ್ಯಾಹ್ನದ ಬೀದಿಯಲ್ಲಿ ನಾಯಿಯೂ ನಿಲ್ಲುವುದಿಲ್ಲ. ಊರೂರಿಗೂ ನೆಲದಡಿ ಒಂದು ತಂಪುಮನೆ ಇದೆ. ಮಕ್ಕಳ ಪಾಠ, ರೊಟ್ಟಿ ಬಡಿಯುವುದು, ಮುದುಕರ ಚೌಕಾಬಾರ ಎಲ್ಲವೂ ಅಲ್ಲೇ. ಬಿಸಿಲಿಳಿದ ಮೇಲೆ ಮೆಟ್ಟಿಲು ಹತ್ತಿ ಮನೆಗೆ ಬರುತ್ತೇವೆ.

ನಮ್ಮ ಸರ್ಕಾರವೂ ಹೋದ ವರ್ಷ ನೀವು ಬಯಸುವಂಥದ್ದೇ ಮಂಡಳಿ ರಚಿಸಿತು. ಅರ್ಥಶಾಸ್ತ್ರ ಕಲಿಸುತ್ತಿದ್ದ ನನ್ನನ್ನೂ ಬಿಸಿಲಹಾಳದ ವೈದ್ಯೆ ದಾನಮ್ಮ ಅಂಗಡಿ ಅವರನ್ನೂ ಸದಸ್ಯರಾಗಿ ಕರೆದರು. ಹಿಗ್ಗಿಕೊಂಡೇ ಹೋದೆವು. ಮೊದಲ ಸಭೆಯಲ್ಲಿ ನಮ್ಮ ಮುಂದಿಟ್ಟದ್ದು ಆಗಲೇ ಅಚ್ಚಾಗಿ ಬಂದ ಸಲಹೆ: ಸಣ್ಣ ಊರುಗಳ ತಂಪುಮನೆಗಳಿಂದ ಉತ್ಪಾದನೆಯಿಲ್ಲ, ಅವನ್ನು ಮುಚ್ಚಿ, ವಿದ್ಯುತ್ತನ್ನು ಕರಾವಳಿಯ ಕಾರ್ಖಾನೆಗಳಿಗೆ ಕೊಡತಕ್ಕದ್ದು. ಕೆಳಗೆ ನಮ್ಮ ಹೆಸರುಗಳೂ ಇದ್ದವು.

ದಾನಮ್ಮ ಎದ್ದು ನಿಂತರು. “ಏನ್ರೀ ಸಾಹೇಬ್ರ, ಸಲಹಾ ಕೇಳಾಕ ಕರದೀರೋ, ಹೂಂ ಅನಸಾಕ ಕರದೀರೋ? ಬಾಗಲಾ ಮುಚ್ಚಿದ್ರ ಮಂದಿ ಸಾಯ್ತಾರ್ರೀ!”

ಅಧ್ಯಕ್ಷರು ಮಾವಿನ ಹೋಳು ಜಗಿಯುತ್ತಲೇ ನಕ್ಕರು. “ಡಾಕ್ಟ್ರಮ್ಮ, ದೇಶ ದೊಡ್ಡದು. ಮೊದಲು ಊಟ ಮಾಡಿ.”

ಉಳಿದವರೂ ನಕ್ಕರು. ನಾವಿಬ್ಬರೂ ವಿರೋಧ ಬರೆಸಿದೆವು. ನಡಾವಳಿಯಲ್ಲಿ ಅದು ‘ಒಮ್ಮತ’ ಎಂದು ಬಂತು.

ಬಿಸಿಲಹಾಳದ ತಂಪುಮನೆಗೆ ಬೀಗ ಬಿತ್ತು. ಅದೇ ವಾರ, ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಗಂಗವ್ವ ಟೀಚರ್ ಹೊರಗೆ ಬಿಸಿಲಿನ ಝಳದಲ್ಲಿ ಆ ಬಾಗಿಲಿಗೆ ಒರಗಿಕೊಂಡೇ ಪ್ರಾಣ ಬಿಟ್ಟರು. ಮಂಡಳಿ ಸಂತಾಪ ಸೂಚಿಸಿ, ಆ ಸಾವನ್ನು ‘ನಿರೀಕ್ಷಿತ ಸವಕಳಿ’ ಎಂದು ಕರೆಯಿತು. ಯಂತ್ರದ ಹಲ್ಲು ಸವೆದರೆ ಹೇಳುವ ಮಾತು ಅದು.

ದಾನಮ್ಮ ಊರಿಗೆ ಮರಳಿ, ಹಾರೆ ತರಿಸಿ, ಎಲ್ಲರೆದುರೇ ಬೀಗ ಒಡೆದರು. ವಿದ್ಯುತ್ ಇಲ್ಲದಿದ್ದರೂ ನೆಲದಡಿಯ ತಂಪೇ ಉಳಿದವರ ಜೀವ ಹಿಡಿಯಿತು. ಸಂಜೆಯೊಳಗೆ ಪೊಲೀಸರು ಅವರನ್ನು ಕರೆದೊಯ್ದರು. ನಾನು ರಾಜೀನಾಮೆ ಕೊಟ್ಟು ಇಲ್ಲಿಗೆ ಬಂದೆ.

ಮಂಡಳಿ ರಚಿಸಬೇಡಿ ಎನ್ನಲಾರೆ. ಆದರೆ ತೀರ್ಮಾನವಾಗುವ ಮೊದಲು ಸಲಹೆ ಕೇಳಿ. ಸದಸ್ಯರು ಬೇಡವೆಂದದ್ದು ಬೇಡವೆಂದೇ ಜನರಿಗೆ ತಲುಪಲಿ. ಅಷ್ಟೂ ಆಗದಿದ್ದರೆ ಬರಿಯ ಊಟಕ್ಕೆ ಬರುವವರನ್ನೇ ಕರೆಯಿರಿ, ಬೇಕಾದಷ್ಟು ಸಿಗುತ್ತಾರೆ.

ನಾಳೆ ದಾನಮ್ಮನವರ ವಿಚಾರಣೆ. ಅವರ ಪರವಾಗಿ ಸಾಕ್ಷಿ ಹೇಳಲು ಹೊರಟಿದ್ದೇನೆ. ಊರಿನವರು ನನಗಿಂತ ಮೊದಲೇ ನ್ಯಾಯಾಲಯದತ್ತ ನಡೆಯತೊಡಗಿದ್ದಾರೆ, ಈ ಬಿಸಿಲಿನಲ್ಲೇ.