ಮಹಾರಾಣಿಯ ನೀರು ಕುಡಿದವರಾರು?

ಮಾರ್ಚ್ 3, ಬೆಳಿಗ್ಗೆ 6

ಮತ್ತೆ ಇಳಿದಿದೆ! ಒಂದು ಬೆರಳಗಲ! ನಿನ್ನೆ ಇದೇ ಹೊತ್ತಿಗೆ ರೇಡಿಯೇಟರಿನ ಬಾಯಿ ಮುಟ್ಟುವಷ್ಟು ತುಂಬಿಸಿದ್ದೆ. ಕಡ್ಡಿ ಅದ್ದಿ ನೋಡಿದೆ. ಹುಬ್ಬು ತೀಡುವ ಪೆನ್ಸಿಲ್ಲಿನಿಂದ ಅದರ ಮೇಲೆ ನಾನೇ ಎಳೆದ ಕಪ್ಪು ಗೆರೆ ಒಣಗಿ ನಿಂತಿದೆ. ವ್ಯಾನಿನ ಕೆಳಗೆ ಹಾಸಿದ ರಟ್ಟಿನ ಮೇಲೆ ನಾಲ್ಕು ಹಸಿರು ಹನಿ. ಕೂಲೆಂಟ್. ಎಂಜಿನ್ನಿನ ತಲೆ ತಣ್ಣಗಿಡುವ ನೀರು. ಅದಿಲ್ಲದೆ ನನ್ನ ಮಹಾರಾಣಿ ಅರ್ಧ ದಾರಿಯಲ್ಲೇ ಹೊಗೆ ಕಾರಿ ಕೂರುತ್ತಾಳೆ.

ಇಪ್ಪತ್ತೆಂಟು ವರ್ಷದ ವ್ಯಾನ್. ಒಂದು ಕಾಲಕ್ಕೆ ನಮ್ಮ ನಾಟಕ ಕಂಪನಿಯ ಪರದೆ, ಕಿರೀಟ, ಗದೆ ಹೊತ್ತವಳು. ಕಂಪನಿ ಮುಚ್ಚಿತು. ಉಳಿದವರು ಇಬ್ಬರೇ — ಅವಳು, ನಾನು. ಈಗ ಆಸ್ಪತ್ರೆಯ ಬೆಡ್‌ಶೀಟ್ ಮೂಟೆ ಹೊತ್ತು ಲಾಂಡ್ರಿಗೆ ಹೋಗುತ್ತಾಳೆ. ಹೋಗಲಿ. ಬಿಳಿ ಬಟ್ಟೆಯೂ ಒಂದು ಪರದೆಯೇ.

ಮಾರ್ಚ್ 4, ಸಂಜೆ

ಅಳಿಯ ನೋಡಿದ. ಮೆಕ್ಯಾನಿಕ್. ಮದುವೆಯಾದ ಎರಡು ವರ್ಷದಿಂದ ಮಗಳೂ ಅವನೂ ನಮ್ಮಲ್ಲೇ, ಮೇಲಿನ ಕೋಣೆಯಲ್ಲಿ. ಕೆಲಸಗಾರ, ಒಪ್ಪುತ್ತೇನೆ. ಆದರೆ ಬಾಯಿಗೆ ಬೀಗ. ಕೇಳಿದರೆ ಒಂದು ಮಾತು, ಗದರಿದರೆ ಅರ್ಧ.

ಕೆಳಗಿನ ಹೋಸ್ ಪೈಪಿನ ಕ್ಲಿಪ್ ಸಡಿಲ. ಬದಲಾಯಿಸಿದ. ರೇಡಿಯೇಟರಿನ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತು. ಬೆಸುಗೆ ಹಾಕಿದ. ಎದ್ದು ಕೈ ಒರೆಸಿಕೊಂಡ.

"ಇನ್ನು ಸೋರಲ್ಲ ಮಾವ. ಆದ್ರೆ ಗಾಡಿಗೆ ವಯಸ್ಸಾಯ್ತು. ಚೆನ್ನಾಗಿ ಓಡ್ತಿರೋವಾಗ್ಲೇ ಕೊಟ್ಟುಬಿಡೋದು ವಾಸಿ."

ಕೊಟ್ಟುಬಿಡೋದು! ಕೇಳಿಸಿತು. ಎಲ್ಲಾ ಕೇಳಿಸಿತು. ಮೂವತ್ತು ವರ್ಷ ರಂಗದ ಮೇಲಿದ್ದವನು ನಾನು. ಮೊದಲ ಅಂಕದಲ್ಲಿ ಮೂಲೆಯಲ್ಲಿ ಸುಮ್ಮನೆ ನಿಂತವನೇ ಮೂರನೇ ಅಂಕದಲ್ಲಿ ಚೂರಿ ತೆಗೆಯುವುದು.

ಮಾರ್ಚ್ 5, ಬೆಳಿಗ್ಗೆ

ಬಲೆ ಬೀಸಿದ್ದೇನೆ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಹಸಿರು ದಾರ ಒಂದು ಬೆರಳುದ್ದ. ರೇಡಿಯೇಟರಿನ ಬಾಯಿಗೆ ಅಡ್ಡಲಾಗಿ ಇಟ್ಟು, ಮೇಲೆ ಮುಚ್ಚಳ ತಿರುಗಿಸಿದೆ. ಎರಡೂ ಕಡೆ ಎಳ್ಳಿನಷ್ಟು ಮಾತ್ರ ಹೊರಗೆ. ಯಾರಾದರೂ ಮುಚ್ಚಳ ತೆಗೆದರೋ, ದಾರ ಜಾರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಆಹಾ! ಯಾವ ಸೇನಾಪತಿಗೆ ಹೊಳೆದೀತು?

ಮಾರ್ಚ್ 6, ಬೆಳಿಗ್ಗೆ 6

ಇಳಿದಿದೆ. ರಟ್ಟು ಒಣಒಣ. ಒಂದು ಹನಿಯಿಲ್ಲ. ದಾರ ಇಟ್ಟ ಹಾಗೇ ಇದೆ!

ಅಂದರೆ... ಕಂಡುಹಿಡಿದಿದ್ದಾನೆ. ನೀರು ತೆಗೆದು, ದಾರವನ್ನು ಮತ್ತೆ ಇಟ್ಟಿದ್ದಾನೆ. ಎಂಥ ಕೈಚಳಕ!

ಮುಚ್ಚಳದ ಸುತ್ತ ಬಿಳಿಚಿದ ಹಸಿರು ಕಲೆ. ಒರೆಸಿದೆ. ಮಹಾರಾಣಿಯ ಮುಖ ಕೊಳೆಯಾಗಿರಬಾರದು.

ಮಾರ್ಚ್ 8

ಇಳಿದಿದೆ. ದಾರ ಅಲ್ಲಾಡಿಲ್ಲ. ಕಲೆ ಮತ್ತೆ. ಒರೆಸಿದೆ. ಏರು ರಸ್ತೆಯಲ್ಲಿ ಕ್ಯಾಬಿನ್ನಿನೊಳಗೆ ಏನೋ ಸಿಹಿ ವಾಸನೆ... ಲಾಂಡ್ರಿಯ ಸೋಪಿರಬೇಕು.

ಊಟದ ಹೊತ್ತಿನಲ್ಲಿ ಇವಳು: "ರೀ, ನನ್ನ ಹಸಿರು ದಾರದ ಉಂಡೆ ಯಾರು ಮುಟ್ಟಿದ್ರು?"

"ದಾರದ ಕಳ್ಳನೂ ಹುಟ್ಟಿದನೇ ಈ ಮನೆಯಲ್ಲಿ!" ಎಂದು ಗುಡುಗಿದೆ. ಅಳಿಯನ ಮುಖವನ್ನೇ ನೋಡುತ್ತಾ. ತಟ್ಟೆಯಿಂದ ತಲೆ ಎತ್ತಲಿಲ್ಲ ಅವನು. ಮಗಳು ಮಾತ್ರ, "ಅಪ್ಪ, ಮೆತ್ತಗೆ. ಪಕ್ಕದ ಮನೆಯವರು ಚಪ್ಪಾಳೆ ತಟ್ಟಿಬಿಟ್ಟಾರು."

ಮಾರ್ಚ್ 10, ಮಧ್ಯಾಹ್ನ

ಬೇಕೆಂದೇ ಅವನಿಗೇ ತೋರಿಸಿದೆ. ಮೊದಲೇ ದಾರ ತೆಗೆದಿಟ್ಟಿದ್ದೆ. ಮುಚ್ಚಳ ಬಿಚ್ಚಿ, ಅದರ ಜಾಗಕ್ಕೆ ಕೈಪಂಪು ಕೂರಿಸಿ ಗಾಳಿ ಒತ್ತಿದ. ಪಂಪಿನ ಮೀಟರಿನ ಮುಳ್ಳು ಏರಿ ನಿಂತಿತು. ಅರ್ಧ ಗಂಟೆ ಕಾದೆವು. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಎಲ್ಲೂ ಸೋರ್ತಿಲ್ಲ ಮಾವ."

"ಹಾಗಾದ್ರೆ ಕುಡಿಯೋರು ಯಾರು ಅಳಿಯಂದ್ರೇ?"

ತಲೆ ಕೆರೆದುಕೊಂಡ. "ಒಳಗೇ ಸುಡ್ತಿರಬಹುದು. ಎಂಜಿನ್ನಿನ ತಲೆ ಬಿಚ್ಚಿ ನೋಡಬೇಕು. ಅದಕ್ಕಿಂತ..."

"ಅದಕ್ಕಿಂತ?"

"ಕೊಟ್ಟುಬಿಡೋದು—"

ಸಾಕು. ಪಾತ್ರ ತಾನಾಗಿಯೇ ಬಾಯಿಬಿಟ್ಟಿತು.

ಮಾರ್ಚ್ 13, ಭಾನುವಾರ

ಆಯಿತು. ಎಲ್ಲಾ ಆಗಿಹೋಯಿತು.

ಮಧ್ಯಾಹ್ನ ಶೆಡ್ಡಿನಲ್ಲಿ ಬೆಡ್‌ಶೀಟ್ ಮೂಟೆಯ ಹಿಂದೆ ಕೂತು ಕಾದೆ. ಎರಡೂವರೆಗೆ ಬಂದ. ಬಾನೆಟ್ ಎತ್ತಿದ. ಟಾರ್ಚ್ ಬಿಟ್ಟು ಒಳಗೆ ಕೈ ಹಾಕಿದ. ಎದ್ದೆ! "ನಿಲ್ಲು!" — ಶೆಡ್ಡಿನ ತಗಡು ನಡುಗಿತು. ಮೈಮೇಲೆ ಒಂದು ಬೆಡ್‌ಶೀಟ್ ಬಿದ್ದಿತ್ತು, ಕೊಡವಿಕೊಳ್ಳಲೂ ಇಲ್ಲ.

ಏನೇನು ಅಂದೆ? ಉಂಡ ಮನೆ ಅಂದೆ. ದ್ರೋಹ ಅಂದೆ. ಮುದುಕನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳಲು ಹನಿಹನಿಯಾಗಿ ನೀರು ಕದಿಯುವವನು ಅಂದೆ. ಒಂದೇ ಉಸಿರಿಗೆ. ಮಗಳೂ ಇವಳೂ ಓಡಿಬಂದು ಬಾಗಿಲಲ್ಲಿ ನಿಂತಿದ್ದರು. ಬಹಳ ದಿನಗಳ ನಂತರ ಪ್ರೇಕ್ಷಕರು... ನಿಲ್ಲಿಸಲಾಗಲಿಲ್ಲ.

ಅವನು ಟಾರ್ಚ್ ಆರಿಸಿದ.

"ನಾನು ಕದ್ದೆ ಅಂತೀರಾ ಮಾವ?"

ಅಷ್ಟೇ. ಬಾನೆಟ್ಟನ್ನು ಸದ್ದಾಗದ ಹಾಗೆ ಇಳಿಸಿ ಹೊರಟುಹೋದ.

ಮಾರ್ಚ್ 14

ಹೋದರು. ಅವನು ಕೆಲಸ ಮಾಡುವ ವರ್ಕ್‌ಶಾಪಿನ ಮೇಲೆ ಒಂದು ಕೋಣೆಯಿದೆಯಂತೆ. ಇಲ್ಲಿಂದ ನಾಲ್ಕು ರಸ್ತೆ ಆಚೆ.

ಮಗಳು ಮೆಟ್ಟಿಲಲ್ಲಿ ನಿಂತು: "ಅಪ್ಪ, ರಾಜನ ಪಾರ್ಟು ಮಾಡಿ ಮಾಡಿ, ಮನೇಲಿರೋರೆಲ್ಲ ಸಂಚು ಮಾಡೋ ಮಂತ್ರಿಗಳು ಅನ್ಕೊಂಡಿದ್ದೀಯ. ಅವರು ನಿನ್ನೆ ಅಲ್ಲಿ ಏನು ಹುಡುಕ್ತಿದ್ರು ಗೊತ್ತಾ? ಸೋರೋ ಜಾಗ. ರಜಾ ದಿನ, ನಿದ್ದೆ ಬಿಟ್ಟು." ಚೀಲ ಹೆಗಲಿಗೆ ಹಾಕಿಕೊಂಡು, "ತಪ್ಪಾಯ್ತು ಅಂತ ನೀನಾಗಿ ಬಂದು ಹೇಳೋವರೆಗೂ ಈ ಮೆಟ್ಟಿಲು ಹತ್ತಲ್ಲ."

ನಾಟಕೀಯವಾಗಿ ಮಾತಾಡುತ್ತಾಳೆ. ಯಾರ ಮಗಳು!

ಶೆಡ್ಡಿಗೆ ಹೊಸ ಬೀಗ ಹಾಕಿದೆ. ಬೀಗದ ಕೈ ನನ್ನ ಕೊರಳಲ್ಲಿ. ಇನ್ನು ನೋಡೋಣ.

ಮಾರ್ಚ್ 19, ಬೆಳಿಗ್ಗೆ

ನಾಲ್ಕು ದಿನ ಬರೆಯಲು ಮನಸ್ಸಾಗಲಿಲ್ಲ. ಬರೆಯುವುದೇನು? ಇಳಿಯುತ್ತಲೇ ಇದೆ!! ಬೀಗ ಭದ್ರ. ದಾರ ಭದ್ರ. ಕಳ್ಳ ನಾಲ್ಕು ರಸ್ತೆ ಆಚೆ.

ನಿನ್ನೆ ಏರು ರಸ್ತೆಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ, ಸೀಟಿನ ಹಿಂದೆ ನೀರಿಗಾಗಿ ತಡಕಿದೆ. ಎರಡು ಬಾಟಲಿ ಕೂಲೆಂಟ್ ಸಿಕ್ಕಿತು. ಅಳಿಯನ ಅಕ್ಷರದಲ್ಲಿ ಚೀಟಿ: "ಮಾವ, ಪೂರ್ತಿ ತಣ್ಣಗಾದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ. ಕೈ ಜೋಪಾನ." ಯಾವಾಗ ಇಟ್ಟನೋ. ಮೂಸಿ ನೋಡಿದೆ... ಕೂಲೆಂಟೇ. ಬಾಟಲಿ ಹಿಡಿದು ರಸ್ತೆ ಬದಿಯಲ್ಲಿ ಮುಕ್ಕಾಲು ಗಂಟೆ ಕೂತೆ.

ಅವನಲ್ಲದಿದ್ದರೆ ಮನೆಯಲ್ಲಿ ಉಳಿದವಳು ಒಬ್ಬಳೇ.

ಮಾರ್ಚ್ 20, ಬೆಳಿಗ್ಗೆ 7

ಇವಳನ್ನು ಶೆಡ್ಡಿಗೆ ಕರೆತಂದು ನಿಲ್ಲಿಸಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಇವಳು ನನ್ನನ್ನು ನೋಡಲೇ ಇಲ್ಲ. ರೇಡಿಯೇಟರ್ ನೋಡುತ್ತಿದ್ದಳು.

"ನನ್ನ ದಾರಕ್ಕೆ ಇಲ್ಲೇನ್ರೀ ಕೆಲಸ?"

ಬಲೆಯ ಕಥೆ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ. ಕೇಳುತ್ತಾ ಕೇಳುತ್ತಾ ಇವಳ ಮುಖ ಬೇರೆಯಾಯಿತು.

"ಈ ಮುಚ್ಚಳದ ಒಳಗೆ ರಬ್ಬರಿದೆಯಾ? ಕುಕ್ಕರಿನ ಥರ?"

"ಇದೆ."

"ಕುಕ್ಕರಿನ ರಬ್ಬರಿಗೆ ಒಂದು ಕಾಳು ಸಿಕ್ಕಿಕೊಂಡ್ರೆ ಏನಾಗುತ್ತೆ ಗೊತ್ತಾ? ಸೀಟಿ ಹೊಡೆಯಲ್ಲ. ಪಕ್ಕದಿಂದ ಬುಸ್ ಅಂತ ಆವಿ ಹೋಗ್ತಾ ಹೋಗ್ತಾ ನೀರೆಲ್ಲ ಆರಿ, ತಳ ಹತ್ತುತ್ತೆ. ನೀವು ಕಾಳಲ್ಲ, ದಾರಾನೇ ಇಟ್ಟಿದ್ದೀರಿ. ಇಲ್ನೋಡಿ, ಆವಿ ಒಣಗಿದ ಕಲೆ."

ನಾನು ದಿನವೂ ಒರೆಸಿದ ಕಲೆ.

ಮುಚ್ಚಳ ತೆಗೆದೆ. ತಿರುಗಿಸಿದೆ. ಕಪ್ಪು ರಬ್ಬರಿನ ಮೇಲೆ ಈ ಅಂಚಿನಿಂದ ಒಂದು, ಆ ಅಂಚಿನಿಂದ ಒಂದು ಸಣ್ಣ ಗೀರು. ದಾರದ ಅಚ್ಚು. ಅವನು ಅವತ್ತೇ ಸರಿಮಾಡಿದ್ದ. ಮರುದಿನ ನಾನೇ ತೂತು ಮಾಡಿದೆ. ಆವಿ ಹೋದದ್ದು ದಾರಿಯಲ್ಲಿ. ನಾನು ಅಳೆದದ್ದು ಬೆಳಿಗ್ಗೆ. ಹಾಗಾಗಿ ಶೆಡ್ಡಿನಲ್ಲಿ ಕಳ್ಳ ಹುಟ್ಟಿದ. ಅವನ ಕೈಪಂಪು ಕೂತದ್ದೂ ಮುಚ್ಚಳದ ಜಾಗದಲ್ಲೇ, ದಾರ ಆಗ ನನ್ನ ಜೇಬಿನಲ್ಲಿ... ಅವನಿಗೆ ಹೇಗೆ ಗೊತ್ತಾಗಬೇಕು?

ಇವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಾರ್ಚ್ 21

ಹೊಸ ಮುಚ್ಚಳ. ದಾರವಿಲ್ಲ. ಗೆರೆ ಮುಟ್ಟುವಷ್ಟು ನೀರು.

ಮಾರ್ಚ್ 22

ಗೆರೆಯಲ್ಲೇ ಇದೆ.

ಮಾರ್ಚ್ 24

ಗೆರೆಯಲ್ಲೇ. ಏರು ರಸ್ತೆ ಎರಡು ಸಲ ಹತ್ತಿಸಿದೆ, ಎರಡು ಸಲವೂ ಮುಳ್ಳು ನಡುವಿನಲ್ಲಿ. ಸಿಹಿ ವಾಸನೆ ಇಲ್ಲ; ಅದೂ ಆ ಆವಿಯದ್ದೇ. ಒಂದೇ ಒಂದು ಹನಿ ಇಳಿದಿದ್ದರೂ ಸಾಕಿತ್ತು ಎಂದು ಇಂದು ಬೆಳಿಗ್ಗೆ ಆಸೆಪಟ್ಟೆ. ನಾಚಿಕೆಯಾಯಿತು.

ಮೇಲಿನ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿದೆ. ಇವಳು ಹೋಗಿ ಮುಚ್ಚುವುದಿಲ್ಲ. ನಾನೂ ಹೋಗುವುದಿಲ್ಲ.

ಮಾರ್ಚ್ 25, ಬೆಳಿಗ್ಗೆ 11, ವ್ಯಾನಿನಲ್ಲೇ

ವರ್ಕ್‌ಶಾಪಿನ ಎದುರು ನಿಲ್ಲಿಸಿ ಇಪ್ಪತ್ತು ನಿಮಿಷ. ಮಾತು ಬರೆಯುವುದು, ಹೊಡೆದುಹಾಕುವುದು. "ಅಳಿಯಂದ್ರೇ, ವಿಧಿಯ ಆಟದಲ್ಲಿ" — ವಿಧಿಯಲ್ಲ, ನಾನು. ಹೊಡೆದುಹಾಕಿದೆ. "ಈ ವೃದ್ಧನ ಕಣ್ಣಿಗೆ ಕವಿದ ಕತ್ತಲು" — ಥೂ, ಚಪ್ಪಾಳೆ ಬೇಡುವ ಮಾತು. ಹೊಡೆದುಹಾಕಿದೆ. ತುಂಬಿದ ಸಭೆಯಲ್ಲಿ ಒಂದು ದಿನವೂ ಮಾತು ಮರೆತವನಲ್ಲ. ಅವೆಲ್ಲ ಬೇರೆಯವರು ಬರೆದುಕೊಟ್ಟ ಮಾತು.

ಅಳಿಯ ನೋಡಿದ. ಬರುತ್ತಿದ್ದಾನೆ. ಕೈ ಒರೆಸಿಕೊಳ್ಳುತ್ತಾ. ನನ್ನ ಮುಖ ನೋಡುತ್ತಿಲ್ಲ — ಬಗ್ಗಿ ವ್ಯಾನಿನ ಕೆಳಗೆ ನೋಡುತ್ತಿದ್ದಾನೆ, ಹನಿ ಬಿದ್ದಿದೆಯಾ ಎಂದು. ಮೇಲಿನ ಕಿಟಕಿಯಲ್ಲಿ ಮಗಳು. ಕೈಕಟ್ಟಿ ನಿಂತಿದ್ದಾಳೆ.

ಗಾಜಿನಾಚೆಯಿಂದ ಕೇಳುತ್ತಿದ್ದಾನೆ: "ಇನ್ನೂ ಇಳೀತಿದೆಯಾ ಮಾವ?"

ದಾರ ಅಂಗೈಯಲ್ಲಿದೆ. ಗಾಜು ಇಳಿಸುತ್ತೇನೆ. ಮೆಲ್ಲಗೆ. ಮೊದಲ ಮಾತು, ಯಾರೂ ಬರೆದುಕೊಡದ್ದು —