ಸೋಮವಾರ ತೊಳೆದ ಬಾನಿ

ಉಬ್ರಾಣಿ
ಕಾರ್ತಿಕ ಮಾಸ, ೧೯೭೯

ಹೊನ್ನಾಳಿಯ ಬೀಗಿತ್ತಿ ನಿರ್ಮಲಮ್ಮನವರಿಗೆ ಶಿವಗಂಗಮ್ಮನ ಶರಣು.

“ನಿಮ್ಮೂರಾಗೆ ಮನೆಮನೆಗೂ ಮಲೇರಿಯಾ ಐತೆ, ಬಸುರಿ ಸೊಸೇನ ಹೆಂಗೆ ಕಳಸಾಕೆ ಆಗ್ತೈತ್ರೀ?” ಎಂದು ಶ್ರಾವಣದಲ್ಲಿ ನೀವು ಕೇಳಿದಾಗ ಮುನಿಸಿಕೊಂಡು ಬಂದೆ. ಮಗಳು ಹಾಲಮ್ಮನ ಚೊಚ್ಚಲ ಹೆರಿಗೆ ತವರಲ್ಲಾಗದಿದ್ದರೆ ನಾನೆಂಥ ತಾಯಿ? ಆದರೆ ನಿಮ್ಮ ಮಾತು ಸುಳ್ಳಲ್ಲ.

ಅದೇ ವಾರ ಮಲೇರಿಯಾ ಇಲಾಖೆಯವರು ನಮ್ಮ ಹಿತ್ತಿಲಲ್ಲಿ ದನ ನೀರು ಕುಡಿಯುವ ಕಲ್ಲುಬಾನಿಯಲ್ಲೇ ಸೊಳ್ಳೆಮರಿ ತೋರಿಸಿದರು. ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಿದರೆ ಸೊಳ್ಳೆ ಹುಟ್ಟುವುದಿಲ್ಲವಂತೆ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಲ್ಲ, ಗಂಡಸರೆಲ್ಲ ಕಟ್ಟೆಯ ಮೇಲೆ ಹರಟುತ್ತಿದ್ದರು.

“ರಜ ಬಸವಣ್ಣಂಗೆ, ನಿಮಗಲ್ಲ. ಏಳ್ರಿ!” ಎಂದೆ.

“ಬೀಗಿತ್ತಿ ಮೇಲಿನ ಸಿಟ್ಟು ನಮ್ಮ ಮ್ಯಾಲೆ ಯಾಕಕ್ಕಾ?” ಎಂದು ನಗುತ್ತಲೇ ಎದ್ದರು.

ಅಂದಿನಿಂದ ಪ್ರತಿ ಸೋಮವಾರ ಊರಿನ ಬಾನಿಗಳನ್ನೆಲ್ಲ ಉಜ್ಜಿ ಒಣಗಿಸುತ್ತೇವೆ. ಬಾವಿಯ ಸುತ್ತ ನೀರು ನಿಲ್ಲುತ್ತಿದ್ದ ಗುಂಡಿಗಳನ್ನೂ ಮುಚ್ಚಿದೆವು. ಮೊನ್ನೆ ರಕ್ತಪರೀಕ್ಷೆಗೆ ಬಂದವರಿಗೆ ಜ್ವರದವರು ಒಬ್ಬರೂ ಸಿಗಲಿಲ್ಲ. ಮಂಡಕ್ಕಿ ತಿಂದು, ಕಾಫಿ ಕುಡಿದು ಹೋದರು.

ಹಾಲಮ್ಮನನ್ನು ಕಳಿಸುತ್ತೀರೋ ಇಲ್ಲವೋ ಎಂದು ನಾನೀಗ ಕೇಳುತ್ತಿಲ್ಲ. ಬಸ್‌ಸ್ಟಾಂಡಿಗೆ ಗಾಡಿ ಯಾವ ದಿನ ತರಲಿ ಎಂದಷ್ಟೇ ಬರೆಯಿರಿ.

ನಿಮ್ಮ ಬೀಗಿತ್ತಿ,
ಶಿವಗಂಗಮ್ಮ