ಮರಳಿ ಬಾರದ ಅಲೆ

ವಿಶಾಖಪಟ್ಟಣ,
೧೦ ನವೆಂಬರ್ ೨೦೦೪

ನಮ್ಮ ಮನೆಯವರಿಗೆ ಪ್ರೀತಿಯಿಂದ,

ಕೆಮ್ಮು ಹೇಗಿದೆ? ಭವಾನಿಪುರಂನಲ್ಲಿ ನದಿಯ ಗಾಳಿಗೆ ಕಿಟಕಿ ತೆರೆದು ಮಲಗಬೇಡಿ ಎಂದು ನೂರು ಸಲ ಹೇಳಿದ್ದೇನೆ. ಬ್ಯಾಂಕಿನಿಂದ ಬಂದ ಕೂಡಲೇ ಬಿಸಿನೀರು ಕುಡಿಯಿರಿ. ಪಕ್ಕದ ಮನೆಯ ಗಂಗಾಭವಾನಿಯವರು ಕೊಡುವ ಗೋಂಗೂರ ಸೊಪ್ಪಿನ ಹುಳಿ ಚಟ್ನಿ ಸ್ವಲ್ಪ ದಿನ ಬೇಡ. ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಇದನ್ನು ಮಾತ್ರ ಕೊನೆಯವರೆಗೆ ಕೇಳಲೇಬೇಕು.

ದೋಣಿ ಸಂಘದ ರೇಡಿಯೊ ಸರಿಯಾಯಿತು! ನಾನೇ ಸರಿಮಾಡಿದೆ!

ಮೂರು ವಾರದಿಂದ, ಅದೂ ಚಂಡಮಾರುತದ ಕಾಲದಲ್ಲಿ, ಐದು ಮೈಲಿ ದಾಟಿದ ಮೀನುದೋಣಿಗಳಿಗೆ ನಮ್ಮ ದನಿ ಮುಟ್ಟುತ್ತಿರಲಿಲ್ಲ. ಇಡೀ ರೇಡಿಯೊ ಕೋಣೆಗೆ ನಾನೊಬ್ಬಳೇ ಟೆಕ್ನಿಷಿಯನ್. "ದೀಪಾವಳಿಯೊಳಗೆ ಆಗ್ಲಿಲ್ಲ ಅಂದ್ರೆ ಹಟಾನೂ ಬಿಡು, ಕೆಲ್ಸಾನೂ ಬಿಡು, ಇಲ್ಲಿಗೆ ಬಂದ್ಬಿಡು" ಎಂದಿದ್ದಿರಿ. ನಾನೂ ಹೂಂ ಎಂದು ರಾಜೀನಾಮೆ ಬರೆದಿಟ್ಟಿದ್ದೆ. ಬರೆಯುವಾಗ ಎಷ್ಟು ಸಂಕಟವಾಯಿತೆಂದು ನಿಮಗೆ ಹೇಳಿರಲಿಲ್ಲ.

ಸೆಟ್ಟಿನ ಪಕ್ಕದ ಮೀಟರಿನಲ್ಲಿ ಎರಡು ಮುಳ್ಳು. ಒಂದು, ಕಂಬದ ತುದಿಯ ಆಂಟೆನಾದ ಕಡೆಗೆ ಕೇಬಲ್ಲಿನಲ್ಲಿ ಹೋಗುವ ಅಲೆ ಎಷ್ಟೆಂದು ತೋರಿಸುತ್ತದೆ. ಇನ್ನೊಂದು, ಆಂಟೆನಾ ಒಲ್ಲೆನೆಂದು ಹಿಂದಕ್ಕೆ ಕಳಿಸಿದ್ದು ಎಷ್ಟೆಂದು. ಮರಳುವುದು ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮಲ್ಲಿ ಆ ಮುಳ್ಳು ಏಳುತ್ತಲೇ ಇರಲಿಲ್ಲ. ಹಾಗಾಗಿ ನಮ್ಮ ಕಡೆ ಎಲ್ಲ ಚಿನ್ನದಂತಿದೆ, ದೋಣಿಯವರ ಸೆಟ್ಟುಗಳೇ ಕೆಟ್ಟಿವೆ ಎಂದರು ಮ್ಯಾನೇಜರ್ ರಾಮಮೋಹನ್ ಗಾರು. ನಾನೂ ದಿನಾ ಅದನ್ನೇ ನೋಡಿ 'ಸರಿ ಇದೆ' ಎಂದು ಸಹಿ ಹಾಕುತ್ತಿದ್ದೆ, ದಡ್ಡಿ! ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿನ್ನೆ ತಿಂಡಿ ತಿನ್ನುವಾಗ ಹೊಳೆಯಿತು. ಬೀಗರ ಮನೆಗೆ ಕಳಿಸಿದ ಲಾಡು ವಾಪಸು ಬರಲಿಲ್ಲವೆಂದರೆ ಬೀಗರೇ ತಿಂದರೆಂದು ಅರ್ಥವೇ? ಹೊತ್ತುಕೊಂಡು ಹೋದವನೇ ಹೋಗುವಾಗ ಮುಕ್ಕಾಲು, ಬರುವಾಗ ಉಳಿದದ್ದು ಮುಕ್ಕಿರಬಹುದಲ್ಲ! ಬೆಲ್ಟ್ ಕಟ್ಟಿಕೊಂಡು (ಕೂಗಾಡಬೇಡಿ, ಎರಡು ಸಲ ಬಿಗಿದಿದ್ದೆ) ಕಂಬ ಹತ್ತಿ, ಕೇಬಲ್ಲಿನಿಂದ ಆಂಟೆನಾ ಬಿಚ್ಚಿ ಇಳಿದು ಬಂದೆ. ಕೇಬಲ್ ಸರಿ ಇದ್ದರೆ ಈಗ ಹೋದ ಅಲೆಯೆಲ್ಲ ಹಿಂದಕ್ಕೆ ಬರಬೇಕು. ಕಡಿಮೆ ಶಕ್ತಿಯಲ್ಲಿ ಒಂದು ಕ್ಷಣ ಗುಂಡಿ ಒತ್ತಿದೆ. ಆ ಎರಡನೆಯ ಮುಳ್ಳು ಅಲುಗಿತೋ ಇಲ್ಲವೋ! ಆಂಟೆನಾವೇ ಇಲ್ಲದಿದ್ದರೂ ಮೀಟರಿನ ಪ್ರಕಾರ ಎಲ್ಲ ಸರಿ.

ಕೇಬಲ್ ಸೀಳಿ ನೋಡಿದರೆ, ಮೇಲಿನ ಜೋಡಣೆಯಿಂದ ಉಪ್ಪುನೀರು ಇಳಿದು ಒಳಗಿನ ತಾಮ್ರವೆಲ್ಲ ಹಸಿರು. ಅಲೆಯನ್ನು ಹೋಗುವಾಗಲೂ ಬರುವಾಗಲೂ ನುಂಗುತ್ತಿದ್ದದ್ದು ಅದೇ. ಇವತ್ತು ಹೊಸ ಕೇಬಲ್ ಎಳೆದು ಕರೆದೆವು. ಇಪ್ಪತ್ತು ಮೈಲಿ ಆಚೆಯ ದೋಣಿಯಿಂದ ಜಗನ್ಮೋಹನ್ "ಅಮ್ಮಾ, ಬಾಗಾ ವಿನಿಪಿಸ್ತೋಂದಿ!" ಎಂದು ಕೂಗಿದ. ಚೆನ್ನಾಗಿ ಕೇಳಿಸುತ್ತಿದೆಯಂತೆ! ಸಂತೋಷ ತಡೆಯಲಾರದೆ ಎಲ್ಲರೆದುರೇ ಅತ್ತುಬಿಟ್ಟೆ. ರಾಮಮೋಹನ್ ಗಾರು ಎಲ್ಲರಿಗೂ ಕಾಜಾ ಮಿಠಾಯಿ ತರಿಸಿ, ಮೊದಲನೆಯದನ್ನು ನನಗೆ ಕೊಟ್ಟರು.

ದುರ್ಗಮ್ಮನ ಬೆಟ್ಟಕ್ಕೆ ಹೋದಾಗ ನನ್ನ ಹೆಸರಿನಲ್ಲೊಂದು ಕಾಯಿ ಒಡೆಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇವತ್ತು ಕಾಲು ನೆಲಕ್ಕೆ ತಾಗದ,
ನಿಮ್ಮ ಅರ್ಪಿತಾ

ಮರೆತಿದ್ದೆ: ರಾಜೀನಾಮೆ ಹರಿದುಹಾಕಿದೆ. ಜೊತೆಗಿಟ್ಟ ಹಾಳೆ ನಿಮ್ಮ ಬ್ಯಾಂಕಿನ ಇಲ್ಲಿನ ಶಾಖೆಗೆ ನಿಮ್ಮ ವರ್ಗಾವಣೆಯ ಅರ್ಜಿ. ಪೂರ್ತಿ ನಾನೇ ಬರೆದಿದ್ದೇನೆ, ಸಹಿಯೊಂದು ಹಾಕಿ ಕೊಡಿ. ಈ ಸಲ ಗಂಟುಮೂಟೆ ಕಟ್ಟುವ ಸರದಿ ನಿಮ್ಮದು.